ಕಲ್ಲಿದ್ದಲು ನಿಂತ ಮೇಲೆ ಊರಿನ ಗತಿ

ಮುಂಬೈ ಬಳಿಯ ಡೊಂಬಿವಲಿ ದಾಟಿದರೆ ಸಿಗುವ ಠಾಕುರ್ಲಿಯಲ್ಲಿ ರೈಲ್ವೆಯದ್ದೇ ಒಂದು ಕಲ್ಲಿದ್ದಲು ವಿದ್ಯುತ್ ಸ್ಥಾವರವಿತ್ತು. ಜಿಐಪಿ ರೈಲ್ವೆ 1929ರ ಸುಮಾರಿಗೆ ಕಟ್ಟಿದ ಈ ಚೋಳಾ ಪವರ್ ಹೌಸ್ 1980ರ ದಶಕದಲ್ಲಿ ಬಾಗಿಲು ಹಾಕಿತು. ಆದರೂ ಠಾಕುರ್ಲಿ ಪಾಳು ಬೀಳಲಿಲ್ಲ. ಮುಂಬೈಗೆ ಲೋಕಲ್ ಇತ್ತು, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶವಿತ್ತು, ಹತ್ತಿರದಲ್ಲೇ ಉಲ್ಹಾಸನಗರವಿತ್ತು. ಸೈನ್ಯ ಬಿಟ್ಟುಹೋದ ಬ್ಯಾರಕ್‌ಗಳಿಗೆ ದೇಶ ವಿಭಜನೆಯ ಬಳಿಕ ಬಂದಿಳಿದ ಲಕ್ಷದಷ್ಟು ಸಿಂಧಿ ನಿರಾಶ್ರಿತರು ಹಪ್ಪಳ, ಮಿಠಾಯಿ, ಪೀಠೋಪಕರಣ, ಆಮೇಲೆ ಜೀನ್ಸ್ ಎಂದು ಹತ್ತಾರು ಕಸುಬು ಹಿಡಿದು ಬೆಳೆಸಿದ ಊರು ಅದು. ಜೀನ್ಸ್ ತೊಳೆದ ಬಣ್ಣದ ನೀರು ವಾಲಧುನಿ ನದಿಯನ್ನು ಕೆಡಿಸಿದ್ದೂ ನಿಜ. ಆದರೆ ಒಂದೇ ಚಿಮಣಿಯನ್ನು ನಂಬಿದ ಊರಿಗೂ ಹತ್ತು ಕಸುಬಿನ ಊರಿಗೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದೇ ಚಿಮಣಿಯ ಊರುಗಳನ್ನು ಏನು ಮಾಡಬೇಕೆಂಬ ಚಿಂತನೆ ಬೆಳೆದದ್ದು ಯುರೋಪಿನಲ್ಲಿ. ಜರ್ಮನಿಯ ರೂರ್ ಪ್ರದೇಶದ ಗಣಿಗಳಿಗೆ 1958ರಲ್ಲಿ ಬಿಕ್ಕಟ್ಟು ಬಂತು. ಅಲ್ಲಿನ ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರಿನಲ್ಲಿ. ನಡುವಿನ ಅರುವತ್ತು ವರ್ಷಗಳಲ್ಲಿ ಬೋಖುಮ್‌ನಂಥ ಕಡೆ ವಿಶ್ವವಿದ್ಯಾಲಯಗಳು ಬಂದವು, ಜೋಲ್‌ವೆರೈನ್ ಗಣಿ ವಿಶ್ವ ಪರಂಪರೆಯ ತಾಣವಾಯಿತು. ಬ್ರಿಟನ್ ಇಷ್ಟು ತಾಳ್ಮೆ ತೋರಲಿಲ್ಲ. 1984-85ರ ಗಣಿ ಕಾರ್ಮಿಕರ ಮುಷ್ಕರ ಸೋತ ಮೇಲೆ ಗಣಿಗಳು ಸಾಲುಸಾಲಾಗಿ ಮುಚ್ಚಿದವು. ಆದರೂ ನಿರುದ್ಯೋಗದ ಲೆಕ್ಕ ಅಷ್ಟೇನೂ ಏರಲಿಲ್ಲ. ಅದೇಕೆಂದು ಸಂಶೋಧಕರಾದ ಕ್ರಿಸ್ಟೀನಾ ಬೀಟಿ ಮತ್ತು ಸ್ಟೀವ್ ಫಾದರ್‌ಗಿಲ್ 1996ರಲ್ಲಿ ತೋರಿಸಿಕೊಟ್ಟರು: ಕೆಲಸ ಹೋದವರಲ್ಲಿ ಬಹಳ ಮಂದಿ ಕಾಯಿಲೆಯ ಭತ್ಯೆಗೆ ಸೇರಿ ಲೆಕ್ಕದಿಂದಲೇ ಮರೆಯಾಗಿದ್ದರು. ಈ ಕ್ಷೇತ್ರದಲ್ಲಿ ನಾನು ಅತಿ ಮುಖ್ಯವೆಂದು ಎಣಿಸುವ ಅಧ್ಯಯನ ಇದು.

ಅತ್ತ ಅಮೆರಿಕದಲ್ಲಿ ಕಾರ್ಮಿಕ ನಾಯಕ ಟೋನಿ ಮಝೋಕಿ, ಪರಿಸರದ ಸಲುವಾಗಿ ಕೆಲಸ ಕಳೆದುಕೊಳ್ಳುವವರಿಗೆ ನಿಧಿಯೊಂದು ಇರಲಿ ಎಂದು ವಾದಿಸಿದ್ದರು. ಆ ಮಾತೇ ‘ನ್ಯಾಯಯುತ ಪರಿವರ್ತನೆ’ಯಾಗಿ ಬೆಳೆದು 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆ ಸೇರಿತು. ಆದರೂ 2022ರಲ್ಲಿ ದಕ್ಷಿಣ ಆಫ್ರಿಕಾದ ಕೊಮಾಟಿ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಿಂತಾಗ ಹಳೆಯ ತಪ್ಪೇ ಮರುಕಳಿಸಿತು. ಮೊದಲು ಬಂದ್, ಆಮೇಲೆ ತರಬೇತಿ. ಭಾರತದಲ್ಲಿ ಅದೇ ವರ್ಷ ಜಾರ್ಖಂಡ್ ಸರ್ಕಾರ ನ್ಯಾಯಯುತ ಪರಿವರ್ತನೆಗಾಗಿ ಕಾರ್ಯಪಡೆ ರಚಿಸಿತು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೆ ಗಣಿ ಮುಚ್ಚಿದರೆ ಏನಾಗುತ್ತದೆಂದು ಕೋಲಾರದ ಕೆಜಿಎಫ್‌ಗಿಂತ ಚೆನ್ನಾಗಿ ಯಾವ ಊರೂ ಹೇಳಲಾರದು. ಚಿನ್ನದ ಗಣಿ 2001ರ ಫೆಬ್ರವರಿ ಕೊನೆಗೆ ನಿಂತಿತು. ಬಿಇಎಂಎಲ್ ಕಾರ್ಖಾನೆ ಇದ್ದರೂ ಗಣಿಯವರೆಲ್ಲರಿಗೂ ಅಲ್ಲಿ ಜಾಗವಿರಲಿಲ್ಲ. ಇಂದಿಗೂ ಮಾರಿಕುಪ್ಪಂನಿಂದ ನಸುಕಿಗೆ ಹೊರಡುವ ರೈಲು ಗಣಿ ಕಾರ್ಮಿಕರ ಮಕ್ಕಳನ್ನು, ಮೊಮ್ಮಕ್ಕಳನ್ನು ತುಂಬಿಕೊಂಡು ಬೆಂಗಳೂರಿಗೆ ಓಡುತ್ತದೆ. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕಟ್ಟಡದ ಕೆಲಸ. ರಾತ್ರಿ ಮತ್ತೆ ಊರು. ಹಿಂದೆ ಉಳಿದದ್ದು ಸೈನೈಡ್ ದಿಬ್ಬಗಳ ಧೂಳು.

ಮುಂದಿನ ಸರದಿ ರಾಯಚೂರಿನ ಶಕ್ತಿನಗರದ್ದು. ಅಲ್ಲಿನ 1720 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಷ್ಟು ಹಳೆಯದು. ಅದಕ್ಕೆ ಬದಲಾಗಿ ಬೆಳೆಯುತ್ತಿರುವ ಸೌರವಿದ್ಯುತ್ತು ಇರುವುದು ದೂರದ ಪಾವಗಡದಲ್ಲಿ. ಅಲ್ಲಿನ ಕೆಲಸ ಕೃಷ್ಣಾ ತೀರದವರಿಗೆ ದಕ್ಕುವುದಿಲ್ಲ. ಕಾಯಂ ನೌಕರರಿಗೆ ಬೇರೆಡೆಗೆ ವರ್ಗವಾದೀತು. ಗುತ್ತಿಗೆಯವರು, ಲಾರಿಯವರು, ಬೂದಿಯಿಂದ ಇಟ್ಟಿಗೆ ಮಾಡುವವರು, ಗೇಟಿನೆದುರಿನ ಚಹಾ ಅಂಗಡಿಯವರು ಯಾವ ಪಟ್ಟಿಯಲ್ಲೂ ಇಲ್ಲ. ಘಟಕಗಳು ಇನ್ನೂ ಓಡುತ್ತಿರುವಾಗಲೇ ಸರ್ಕಾರ ಇವರ ಹೆಸರು ಬರೆದುಕೊಳ್ಳಲಿ, ರಾಯಚೂರಿನ ಹತ್ತಿಗೆ, ಭತ್ತಕ್ಕೆ ಹೊಂದುವ ಉದ್ದಿಮೆಗಳನ್ನು ಶಕ್ತಿನಗರದ ಸುತ್ತ ಈಗಲೇ ತರಲಿ.