ಅಟ್ಟದ ಅಕ್ಕಿ ಮತ್ತು ಲಕ್ಕಮ್ಮನವರ ಅರಿವು

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಶರಣೆ ಲಕ್ಕಮ್ಮನವರು ಹೇಳಿದರೆಂಬ ಕಥೆ ಪ್ರಸಿದ್ಧವಾದುದು. ಹಾಗಾದರೆ ಮಳೆಗಾಲಕ್ಕೆಂದು ಅಟ್ಟ ತುಂಬುವ ಗೃಹಸ್ಥರು ದೋಷಿಗಳೇ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಹಳ್ಳ ತುಂಬಿ ಹರಿದರೆ ಹಿಂದೆ ಪೇಟೆಗೆ ದಾರಿಯೇ ಇರುತ್ತಿರಲಿಲ್ಲ. ಆದಕಾರಣ ಬೇಸಿಗೆಯಲ್ಲಿಯೇ ಅಕ್ಕಿ ಅಟ್ಟವನ್ನೇರುತ್ತಿತ್ತು. ಹಲಸಿನ ಹಪ್ಪಳ, ಮುರುಗಲು ಸಿಪ್ಪೆ ಬಿಸಿಲಿಗೆ ಒಣಗುತ್ತಿದ್ದವು. ಅಪ್ಪೆಮಿಡಿ ಉಪ್ಪಿನಲ್ಲಿ ನೆನೆಯುತ್ತಿತ್ತು. ಜೋನಿಬೆಲ್ಲ ಪಾತ್ರೆಗಳಲ್ಲಿ ತುಂಬಿರುತ್ತಿತ್ತು. ಒಲೆಯ ಹೊಗೆಯೇ ಅಟ್ಟವನ್ನು ತೇವದಿಂದಲೂ ಹುಳುವಿನಿಂದಲೂ ಕಾಯುತ್ತಿತ್ತು. ಹಳೆಯದನ್ನು ಮೊದಲು ಬಳಸಿ, ಬರಿದಾದುದನ್ನು ಮರುಬೇಸಿಗೆಯಲ್ಲಿ ತುಂಬುವುದು ಗೃಹಿಣಿಯರ ಕ್ರಮ.

ಆ ಕಾಲ ಕಳೆಯಿತೆನ್ನುವಂತಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. ಇಂತಹ ದಿನಗಳಲ್ಲಿ ದಾರಿ ತೆರೆಯುವವರೆಗೆ ಮನೆಯಲ್ಲಿದ್ದುದೇ ಅನ್ನ. ಮನೆಯೇ ಮಣ್ಣಾದವರಿಗೆ ನೆರೆಮನೆಯ ಅಟ್ಟವೇ ಆಸರೆ.

ಲಕ್ಕಮ್ಮನವರು ತಡೆದದ್ದು ಆಸೆಯನ್ನು. ಋತುವನ್ನರಿತು ದುಡಿದುದನ್ನು ಕಾದಿಡುವುದು ಕಾಯಕದ ಅಂಗ. ಬೆಲೆ ಏರಲೆಂದು ಬಚ್ಚಿಟ್ಟ ಧಾನ್ಯಕ್ಕೆ ಆ ಮಾತು ಸಲ್ಲದು. ಹಸಿದು ಬಂದವರಿಗಾಗಿ ಏಣಿಯನ್ನೇರಿ ಇಳಿಸಿದ ಒಂದು ಸೇರು ಅಕ್ಕಿಯೇ ಅಟ್ಟವನ್ನು ದಾಸೋಹದ ಕಣಜವಾಗಿಸುತ್ತದೆ.