ಕಾಯಕಜೀವಿಗಳ ಕಲ್ಪನಾಶಕ್ತಿಯೂ ನಾಡಿನ ಆಶ್ರಯವೂ

ಬೆಂಗಳೂರಿನ ಹನುಮಂತನಗರಕ್ಕೆ ಸಮೀಪದಲ್ಲಿಯೇ ಇರುವ ಗವಿಪುರದ ಗಂಗಾಧರೇಶ್ವರನ ಗುಹಾಲಯವನ್ನು ಸಂದರ್ಶಿಸದ ಭಕ್ತರು ಈ ಪ್ರಾಂತದಲ್ಲಿ ವಿರಳರು. ಮಕರ ಸಂಕ್ರಮಣದ ಸಾಯಂಕಾಲದಲ್ಲಿ ಸೂರ್ಯಕಿರಣಗಳು ನಂದಿಯ ಕೊಂಬುಗಳ ನಡುವೆ ಹಾದು ಗರ್ಭಗೃಹದೊಳಗಣ ಲಿಂಗವನ್ನು ಮುಟ್ಟುವ ದೃಶ್ಯವನ್ನು ಕಾಣಲು ಪ್ರತಿ ವರುಷವೂ ಜನಸಮೂಹವು ನೆರೆಯುವುದು. ಈ ದೇವಾಲಯವನ್ನು ವಿಸ್ತರಿಸಿದ ಕೀರ್ತಿಯು 16ನೆಯ ಶತಮಾನದ ಕೆಂಪೇಗೌಡರಿಗೆ ಸಲ್ಲುತ್ತಲಿದೆ. ಅದು ಯುಕ್ತವೂ ಆಗಿದೆ. ಆದರೆ ಸೂರ್ಯನ ಗತಿಯನ್ನು ಅಳೆದು, ಬಂಡೆಯ ಓರೆಯನ್ನು ನೋಡಿ, ಬೆಳಕಿನ ದಾರಿಯನ್ನು ಗೊತ್ತುಮಾಡಿದ ಶಿಲ್ಪಿಗಳು ಯಾರೆಂಬುದನ್ನು ಜನರು ಮರೆತಿರುವರು. ಕಟ್ಟಿಸಿದವರ ಹೆಸರು ಉಳಿಯಿತು. ಕಟ್ಟಿದವರ ಹೆಸರು ಅಳಿಯಿತು. ಕೈಯಿಂದ ದುಡಿಯುವವನು ಬುದ್ಧಿಯಿಂದಲೂ ದುಡಿಯುವನೆಂಬುದನ್ನು ಲೋಕವು ಎಷ್ಟು ಬೇಗನೆ ಮರೆಯುವುದೆಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆಯು ಬೇಕಾಗಿಲ್ಲ.

ಈ ವಿಷಯದಲ್ಲಿ ಶಿವಶರಣರ ಮಾರ್ಗವು ಬೇರೆಯಾಗಿತ್ತು. 12ನೆಯ ಶತಮಾನದಲ್ಲಿ ಬಸವಾದಿ ಪ್ರಮಥರು ಕಟ್ಟಿದ ಶರಣಸಮೂಹದಲ್ಲಿ ಬುಟ್ಟಿಯನ್ನು ಹೆಣೆಯುವ ಮೇದಾರ ಕೇತಯ್ಯ, ಹಗ್ಗವನ್ನು ಹೊಸೆಯುವ ನುಲಿಯ ಚಂದಯ್ಯ, ದೋಣಿಯನ್ನು ನಡೆಸುವ ಅಂಬಿಗರ ಚೌಡಯ್ಯ, ಹೊಲವನ್ನು ಉಳುವ ಒಕ್ಕಲಿಗ ಮುದ್ದಣ್ಣ, ಮರಗೆಲಸದ ಬಾಚಿಕಾಯಕದ ಬಸವಯ್ಯ, ನೂಲನ್ನು ತೆಗೆಯುವ ಕದಿರ ರೆಮ್ಮವ್ವೆ ಇವರೇ ಮೊದಲಾದವರು ತಮ್ಮ ತಮ್ಮ ಕಾಯಕದ ಹೆಸರಿನಿಂದಲೇ ಪೂಜ್ಯರಾದರು. ಬಾಚಿಯೂ ಕದಿರೂ ಹುಟ್ಟೂ ಅವರ ವಚನಗಳಲ್ಲಿ ತತ್ತ್ವವನ್ನು ಹೇಳುವ ಸಾಧನಗಳಾದುವು. ಕಾಯಕಕ್ಕೆ ಗೌರವವನ್ನಿತ್ತ ಈ ಧರ್ಮಕ್ಕೆ ದಾಸೋಹವೆಂಬ ಎರಡನೆಯ ಕಣ್ಣೂ ಇರುವುದು. ದುಡಿದದ್ದನ್ನು ಸಮಾಜಕ್ಕೆ ಸಲ್ಲಿಸುವುದು ದುಡಿಯುವವನ ಧರ್ಮವಾದರೆ, ದುಡಿಯುವವನನ್ನು ಕೈಹಿಡಿಯುವುದು ಸಮಾಜದ ಧರ್ಮವಾಗುವುದು. ಕನ್ನಡ ನಾಡಿನ ಹಳ್ಳಿಗಳಲ್ಲಿ ಹೊಸತನ್ನು ಕಲ್ಪಿಸಿದವರಿಗೆ ಈ ಎರಡನೆಯ ಧರ್ಮವು ಯಾವ ಕಾಲದಲ್ಲಿ ಹೇಗೆ ದೊರೆಯಿತು, ಯಾವಾಗ ದೊರೆಯದೆ ಹೋಯಿತು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಪ್ರಾಚೀನ ಕಾಲದಲ್ಲಿ ಇಂತಹ ಆಶ್ರಯಕ್ಕೆ ಒಂದು ಸ್ಥಿರವಾದ ವ್ಯವಸ್ಥೆಯಿದ್ದಿತು. ಕೆರೆಯನ್ನು ಕಟ್ಟಿದವನಿಗೆ ಭೂಮಿಯನ್ನು ಬಿಟ್ಟುಕೊಡುವುದಕ್ಕೆ ಶಾಸನಗಳಲ್ಲಿ ಕಟ್ಟುಗೊಡಗೆಯೆಂದು ಹೆಸರು. ಕೆರೆಯ ದುರಸ್ತಿಗಾಗಿ ಬಿಟ್ಟ ಪಾಲು ಬಿತ್ತುವಟ್ಟವೆನಿಸಿಕೊಳ್ಳುತ್ತಿತ್ತು. ತೂಬನ್ನು ತೆಗೆದು ಮುಚ್ಚಿ, ಗದ್ದೆಗದ್ದೆಗೂ ನೀರನ್ನು ಹಂಚುವ ನೀರಗಂಟಿಗೆ ಊರವರು ಕಣದಲ್ಲಿಯೇ ಧಾನ್ಯದ ಪಾಲನ್ನು ಅಳೆದುಕೊಡುತ್ತಿದ್ದರು. ಕಮ್ಮಾರ, ಬಡಗಿ ಮೊದಲಾದ ಆಯಗಾರರಿಗೂ ಇದೇ ವಿಧವಾದ ಆಯವು ಸಲ್ಲುತ್ತಿತ್ತು. ಹೊಟ್ಟೆಯ ಚಿಂತೆಯಿಲ್ಲದ ಕಮ್ಮಾರನು ಒಕ್ಕಲಿಗನ ಕಷ್ಟವನ್ನು ಕಣ್ಣಾರೆ ಕಂಡು, ಕುಳವನ್ನು ಇನ್ನಷ್ಟು ಓರೆಮಾಡಿ, ಹಲ್ಲಿನ ಅಂತರವನ್ನು ಹೊಲದ ಮಣ್ಣಿಗೆ ತಕ್ಕಂತೆ ತಿದ್ದುವುದಕ್ಕೆ ಅವಕಾಶವಿದ್ದಿತು. ಒಂದು ವರುಷದ ತಿದ್ದುಪಡಿಯು ತಪ್ಪಾದರೆ ಮರುವರುಷ ಮತ್ತೆ ತಿದ್ದಬಹುದಾಗಿತ್ತು.

ಹೀಗೆ ತಲೆಮಾರುಗಳ ತಿದ್ದುಪಡಿಯಿಂದ ಪಕ್ವವಾದ ಉಪಕರಣಗಳಲ್ಲಿ ಕೂರಿಗೆಯು ಮುಖ್ಯವಾದುದು. ಮೇಲಣ ಮರದ ಬಟ್ಟಲಿಗೆ ಸುರಿದ ಬೀಜವು ಬಿದಿರಿನ ಕೊಳವೆಗಳ ಮೂಲಕ ಇಳಿದು, ಹಲ್ಲುಗಳು ಸೀಳಿದ ಸಾಲುಗಳಲ್ಲಿ ಸಮನಾದ ಆಳಕ್ಕೆ ಬೀಳುವುದು. ಇದರಿಂದ ಬೀಜವು ಉಳಿಯುವುದಲ್ಲದೆ ಸಾಲಿನ ನಡುವೆ ಕುಂಟೆಯನ್ನು ಹೊಡೆದು ಕಳೆಯನ್ನು ಕೀಳುವುದೂ ಸುಲಭವಾಗುವುದು. ಆಂಗ್ಲದೇಶದಲ್ಲಿ ಜೆಥ್ರೋ ಟಲ್ ಎಂಬಾತನು ಸುಮಾರು 1701ರಲ್ಲಿ ಬಿತ್ತನೆಯ ಯಂತ್ರವನ್ನು ರಚಿಸಿದುದನ್ನು ಅಲ್ಲಿಯವರು ಮಹತ್ತರವಾದ ಆವಿಷ್ಕಾರವೆಂದು ಎಣಿಸುತ್ತಿದ್ದರು. ಆದರೆ ದಕ್ಷಿಣ ಭಾರತದ ಹೊಲಗಳಲ್ಲಿ ಕೂರಿಗೆಯನ್ನು ಕಂಡ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಅಧಿಕಾರಿಯು, ಇಂತಹ ಬಿತ್ತನೆಯು ಯೂರೋಪಿನ ಹೊಸ ಯುಕ್ತಿಯೆಂದು ತಾನು ತಿಳಿದಿದ್ದುದು ಸರಿಯಲ್ಲವೆಂದೂ ಇಲ್ಲಿಯ ರೈತರು ಅದನ್ನು ಬಹುಕಾಲದಿಂದ ಬಲ್ಲರೆಂದೂ ಒಪ್ಪಿಕೊಂಡನು. ಅವನ ಬರಹವು 1797ರಲ್ಲಿ ಪ್ರಕಟವಾಯಿತು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್‌ನೂ ಇಲ್ಲಿಯ ಕೃಷಿಯ ಉಪಕರಣಗಳನ್ನು ತನ್ನ ಗ್ರಂಥದಲ್ಲಿ ವರ್ಣಿಸಿರುವನು. ಕೂರಿಗೆಯನ್ನು ಮೊದಲು ಕಲ್ಪಿಸಿದವನ ಹೆಸರೂ ಗವಿಪುರದ ಶಿಲ್ಪಿಗಳ ಹೆಸರಿನಂತೆಯೇ ಕಾಲಗರ್ಭವನ್ನು ಸೇರಿತು.

19ನೆಯ ಶತಮಾನದಲ್ಲಿ ಈ ವ್ಯವಸ್ಥೆಯು ಕ್ರಮವಾಗಿ ಸಡಿಲವಾಯಿತು. ಕಂದಾಯದ ಹೊಸ ಪದ್ಧತಿಗಳಲ್ಲಿ ಊರಿನ ಆಯಗಾರರಿಗೆ ಹಿಂದಿನ ಸ್ಥಾನವು ಉಳಿಯಲಿಲ್ಲ. ಪರದೇಶದ ಕಾರ್ಖಾನೆಗಳ ಸರಕು ಸಂತೆಗಳಿಗೆ ಬಂದಿತು. ಹಳ್ಳಿಗಳಲ್ಲಿ ಬುದ್ಧಿವಂತರು ಇಲ್ಲವಾದರೆಂದಲ್ಲ. ಅವರು ತಪ್ಪಿದಾಗ ಎತ್ತಿ ನಿಲ್ಲಿಸುವ ಕೈಯು ಇಲ್ಲವಾಯಿತು. ಆಶ್ರಯವು ಸಿಕ್ಕಿದಾಗ ಏನಾಗುವುದು, ಸಿಕ್ಕದಾಗ ಏನಾಗುವುದು ಎಂಬೆರಡನ್ನೂ ಒಂದೇ ಜೀವನದಲ್ಲಿ ಕಾಣಬೇಕಾದರೆ ಬೆಳಗಾವಿಯ ಸೀಮೆಯತ್ತ ನೋಡಬೇಕು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಕಲಿತು, ಅಲ್ಲಿಯ ಯಂತ್ರಶಿಲ್ಪದ ವಿದ್ಯಾಲಯದಲ್ಲಿ ಉಪಾಧ್ಯಾಯರಾಗಿದ್ದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯೊಂದು ಇವರ ಉದ್ಯಮಕ್ಕೆ ಬೀಜವಾಯಿತು. ಮೇವನ್ನು ಕತ್ತರಿಸುವ ಯಂತ್ರವನ್ನೂ, 1903ರ ಹೊತ್ತಿಗೆ ಕಬ್ಬಿಣದ ನೇಗಿಲನ್ನೂ ಅವರು ನಿರ್ಮಿಸಿದರು. ಕಬ್ಬಿಣವು ತಗುಲಿದರೆ ಭೂಮಿಗೆ ವಿಷವೇರುವುದೆಂಬ ಶಂಕೆಯು ರೈತರಲ್ಲಿದ್ದುದರಿಂದ ಆ ನೇಗಿಲುಗಳನ್ನು ಕೊಳ್ಳುವವರು ಬಹುದಿನ ದೊರೆಯಲಿಲ್ಲ. ರೈತರ ಶಂಕೆಯನ್ನು ಮೌಢ್ಯವೆಂದು ಜರೆಯುವುದು ಸುಲಭವು. ಒಂದು ಬೆಳೆಯು ಕೆಟ್ಟರೆ ವರುಷದ ಅನ್ನವೇ ಹೋಗುವ ಸಂಸಾರವು ಹೊಸ ನೇಗಿಲನ್ನು ಮೊದಲು ನೆರೆಯವನ ಹೊಲದಲ್ಲಿ ನೋಡಬಯಸುವುದು ಸಹಜವೇ ಸರಿ. ಆದುದರಿಂದ ಕಲ್ಪಕನಿಗೆ ಬೇಕಾದುದು ಹಣವೊಂದೇ ಅಲ್ಲ, ಕಾಯುವುದಕ್ಕೆ ಕಾಲವೂ ಬೇಕು. ಆ ಕಾಲವನ್ನು ಕೊಡಲು ಯಾರಾದರೂ ಇರಬೇಕು.

ನೇಗಿಲು ಜನರ ವಿಶ್ವಾಸವನ್ನು ಗಳಿಸುತ್ತಿದ್ದಾಗಲೇ ಊರಿನ ವಿಸ್ತರಣೆಯ ನಿಮಿತ್ತವಾಗಿ ಬೆಳಗಾವಿಯ ಕಾರ್ಖಾನೆಯ ಸ್ಥಳವನ್ನು ಬಿಟ್ಟುಕೊಡಬೇಕಾಯಿತು. ಆಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ಎಂಬಲ್ಲಿಯ ರೈಲು ನಿಲ್ದಾಣದ ಬಳಿಯಲ್ಲಿ ಬರಡು ಭೂಮಿಯನ್ನೂ ಹತ್ತು ಸಾವಿರ ರೂಪಾಯಿಗಳ ಬಡ್ಡಿಯಿಲ್ಲದ ಸಾಲವನ್ನೂ ಇತ್ತರು. ಪಾಪಾಸುಕಳ್ಳಿಯನ್ನು ಕಡಿದು 1910ರಲ್ಲಿ ಸ್ಥಾಪಿಸಿದ ಆ ಊರೇ ಕಿರ್ಲೋಸ್ಕರವಾಡಿಯು. ಕನ್ನಡ ನೆಲದಲ್ಲಿ ಮೊಳೆತ ಉದ್ಯಮವು ನೆರೆಯ ಸಂಸ್ಥಾನದಲ್ಲಿ ಮರವಾಯಿತು. ಕಾಲಾಂತರದಲ್ಲಿ, 1941ರಲ್ಲಿ, ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಹರಿಹರದಲ್ಲಿ ಸ್ಥಾಪಿತವಾದಾಗ ಅದರ ಕೊಂಬೆಯೊಂದು ಕನ್ನಡ ನಾಡಿಗೆ ಮರಳಿ ಬಂದಿತೆನ್ನಬಹುದು. ಅರಸನು ಕೊಟ್ಟದ್ದು ಬರಡು ಭೂಮಿಯೂ ಅಲ್ಪವಾದ ಸಾಲವೂ. ಆದರೆ ಅದು ಅವಶ್ಯವಾದ ಗಳಿಗೆಯಲ್ಲಿ ದೊರೆಯಿತು.

ಅರಸರ ಕಾಲವು ಮುಗಿದ ಬಳಿಕ ಈ ಭಾರವು ವಿದ್ಯಾಸಂಸ್ಥೆಗಳ ಮೇಲೆ ಬಿದ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ಅಮೂಲ್ಯ ಕುಮಾರ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವನ್ನು ಆರಂಭಿಸಿದರು. ವಿಜ್ಞಾನವನ್ನು ಗ್ರಾಮಗಳಿಗೆ ಅನ್ವಯಿಸುವುದೇ ಅದರ ಗುರಿಯು. ತುಮಕೂರು ಜಿಲ್ಲೆಯ ಕುಣಿಗಲು ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವು ನೆಲೆಗೊಂಡಿತು. ಸಾಮಾನ್ಯವಾದ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತಿದ್ದರೆ, ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲಿ ಹತ್ತರಲ್ಲಿ ಮೂರು ಪಾಲಿಗೂ ಮೀರಿ ಸೇರಿತು. ಹೊಗೆಯು ಕೊಳವೆಯ ಮೂಲಕ ಹೊರಗೆ ಹೋದುದರಿಂದ ತಾಯಂದಿರ ಕಣ್ಣೂ ಶ್ವಾಸವೂ ಹಗುರಾದುವು.

ಅದೇ ಪ್ರಾಂತದ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಅನಿಲದ ಸ್ಥಾವರವನ್ನು ಸ್ಥಾಪಿಸಿದಾಗ ವಿದ್ವಾಂಸರಿಗೇ ಒಂದು ಪಾಠವಾಯಿತು. ಅಡಿಗೆಗೆ ಅನಿಲವನ್ನು ಒದಗಿಸಬೇಕೆಂಬುದು ಅವರ ಮೊದಲ ಸಂಕಲ್ಪವು. ಊರಿನ ಸಗಣಿಯು ಅದಕ್ಕೆ ಸಾಲದೆ ಹೋಯಿತು. ಊರವರನ್ನು ಕೇಳಿದರೆ ಅವರಿಗೆ ಮೊದಲು ಬೇಕಾದುದು ಶುದ್ಧವಾದ ಕುಡಿಯುವ ನೀರೆಂದು ತಿಳಿಯಿತು. 1987ರಿಂದ ಅದೇ ಅನಿಲದಿಂದ ವಿದ್ಯುತ್ತನ್ನು ಉತ್ಪಾದಿಸಿ ನೀರನ್ನೆತ್ತಿ, ಮನೆಗಳಿಗೆ ದೀಪವನ್ನಿತ್ತರು. ಅನಿಲವನ್ನು ತೆಗೆದ ಬಳಿಕ ಉಳಿದ ಗೊಬ್ಬರವು ಒಕ್ಕಲಿಗರಿಗೆ ಮರಳಿ ದೊರೆಯಿತು. ಹಳ್ಳಿಗೆ ಉಪಕಾರವನ್ನು ಮಾಡಬೇಕೆನ್ನುವವನು ಮೊದಲು ಹಳ್ಳಿಯ ಮಾತನ್ನು ಕೇಳಬೇಕೆಂಬ ನೀತಿಯು ಇಲ್ಲಿ ಸಿದ್ಧವಾಯಿತು.

ಅದಕ್ಕೂ ಒಂದು ಹೆಜ್ಜೆ ಮುಂದೆ ಹೋದವರು ಅಹಮದಾಬಾದಿನ ಪ್ರಾಧ್ಯಾಪಕ ಅನಿಲ ಗುಪ್ತರು. ಹಳ್ಳಿಯ ಬೇಡಿಕೆಯನ್ನಷ್ಟೇ ಅಲ್ಲದೆ ಹಳ್ಳಿಯ ಆವಿಷ್ಕಾರವನ್ನೂ ಕೇಳಿ ತಿಳಿಯಬೇಕೆಂದು ಅವರು 1980ರ ದಶಕದ ಕೊನೆಯಲ್ಲಿ ಜೇನುನೊಣದ ಹೆಸರಿನಿಂದ ಒಂದು ಬಳಗವನ್ನು ಕಟ್ಟಿದರು. ಜೇನು ಹೂವಿಗೆ ನೋವಾಗದಂತೆ ಮಧುವನ್ನು ಕೊಂಡು, ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವಂತೆ, ಜ್ಞಾನವನ್ನು ಕೊಟ್ಟವನ ಹೆಸರನ್ನು ಅಳಿಸದೆ ಅದನ್ನು ಇತರರಿಗೆ ತಲುಪಿಸಬೇಕೆಂಬುದು ಅವರ ತತ್ತ್ವವು. 2000ದಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ಸ್ಥಾಪಿತವಾಗಿ ಈ ಕಾರ್ಯಕ್ಕೆ ಸರ್ಕಾರದ ಬೆಂಬಲವೂ ದೊರೆಯಿತು.

ಈ ಪ್ರತಿಷ್ಠಾನದ ಕಣ್ಣಿಗೆ ಬಿದ್ದ ಕನ್ನಡಿಗರಲ್ಲಿ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಅಗ್ರಗಣ್ಯರು. ಅಮೃತೇಶ್ವರನ ದೇವಾಲಯದಿಂದ ಪ್ರಸಿದ್ಧವಾದ ಆ ಊರಿನ ಕೃಷಿಕ ಮನೆತನದಲ್ಲಿ ಹುಟ್ಟಿದ ಇವರಿಗೆ ಹೆಚ್ಚಿನ ವ್ಯಾಸಂಗಕ್ಕೆ ಅವಕಾಶವಾಗಲಿಲ್ಲ. ಬೆಳಗಿನ ಜಾವದಲ್ಲಿ ಎಚ್ಚರವಾಗದ ಸ್ವಭಾವವನ್ನು ಗೆಲ್ಲಲು, ಗಡಿಯಾರದ ಗಂಟೆಯೊಡನೆ ಮುಖದ ಮೇಲೆ ನೀರು ಬೀಳುವ ಯುಕ್ತಿಯನ್ನು ತಾರುಣ್ಯದಲ್ಲಿಯೇ ರಚಿಸಿದರಂತೆ. ಇತರ ಬೆಳೆಗಳು ಕೈಗೂಡದಿರಲು ಅವರು ಒಣಭೂಮಿಯಲ್ಲಿ ಹುಣಸೆಯ ತೋಪನ್ನು ಬೆಳೆಸಿದರು. ಜನರು ‘ಹುಣಸೆ ಹುಚ್ಚ’ನೆಂದು ಕರೆದರು. ಫಲವು ಬಂದ ಮೇಲೆ ಬೀಜವನ್ನು ಬಿಡಿಸುವ ಕೆಲಸವು ದುಸ್ತರವಾಯಿತು. ಅದಕ್ಕಾಗಿ ಯಂತ್ರವನ್ನು ಕಲ್ಪಿಸಿದರು. ತರುವಾಯ ಉಳುವ ಯಂತ್ರ, ಕಬ್ಬನ್ನು ನೆಡುವ ಯಂತ್ರ, ಬೀಜವನ್ನೂ ಗೊಬ್ಬರವನ್ನೂ ಒಂದೇ ಸಲ ಬಿತ್ತುವ ಕೂರಿಗೆ ಇವೇ ಮೊದಲಾದುವನ್ನು ನಿರ್ಮಿಸಿದರು. ಹೆಸರಿಲ್ಲದ ಪೂರ್ವಿಕನು ಬಿದಿರಿನ ಕೊಳವೆಯಲ್ಲಿ ಆರಂಭಿಸಿದ ಕಾರ್ಯವು ಅಣ್ಣಿಗೇರಿಯ ಕಮ್ಮಟದಲ್ಲಿ ಉಕ್ಕಿನ ರೂಪವನ್ನು ತಾಳಿತು.

ಆದರೆ ಈ ಪ್ರಯೋಗಗಳ ವೆಚ್ಚವನ್ನೆಲ್ಲ ಹೊತ್ತದ್ದು ಅವರ ಸಂಸಾರವೇ. ಸಾಲವೇರಿತು; ಪಿತ್ರಾರ್ಜಿತವಾದ ಭೂಮಿಯಲ್ಲಿ ಒಂದಷ್ಟನ್ನು ಮಾರಬೇಕಾಯಿತು. ಪ್ರತಿಷ್ಠಾನದ ಜೀವಮಾನದ ಸಾಧನೆಯ ಪ್ರಶಸ್ತಿಯು ದೊರೆತದ್ದು 2015ರಲ್ಲಿ. ತಳಮಟ್ಟದ ಆವಿಷ್ಕಾರಕ್ಕಾಗಿ ಪದ್ಮಶ್ರೀಯು ದೊರೆತದ್ದು 2022ರಲ್ಲಿ. ಗೌರವವು ಬಂದಿತು, ಸಂತೋಷವೇ. ಆದರೆ ಹೊಲವು ಮಾರಾಟವಾದ ಕಾಲದಲ್ಲಿ ಬರಲಿಲ್ಲ. ಔಂಧದ ಅರಸನು ಗುರುತಿಸಿದ ಆ ಗಳಿಗೆಯನ್ನು ಇಲ್ಲಿ ಯಾರೂ ಗುರುತಿಸಲಿಲ್ಲ. ಅಣ್ಣಿಗೇರಿಯವರು ಧೃತಿಗೆಡದೆ ನಿಂತುದರಿಂದ ಲೋಕವು ಅವರನ್ನು ಅರಿಯಿತು. ಮೊದಲ ಸಾಲಕ್ಕೇ ಹೆದರಿ ಕಮ್ಮಟದ ಬಾಗಿಲನ್ನು ಮುಚ್ಚಿದವರ ಯಂತ್ರಗಳು ಇತಿಹಾಸಕ್ಕೆ ಸೇರುವುದೇ ಇಲ್ಲ.

ಮಠಗಳಿಗೂ ಈ ವಿಚಾರಕ್ಕೂ ಸಂಬಂಧವೇನೆಂದು ಕೆಲವರು ಕೇಳಬಹುದು. ಹಾನಗಲ್ಲ ಕುಮಾರಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಕಾಲದಲ್ಲಿ ಸಮಾಜಕ್ಕೆ ಬೇಕಾದುದು ಅಕ್ಷರವಿದ್ಯೆ. ಮಠಗಳು ಜೋಳಿಗೆಯನ್ನು ಹಿಡಿದು ಅದನ್ನು ಒದಗಿಸಿದುವು. ಸಿದ್ಧಗಂಗೆಯ ಅನ್ನದಾಸೋಹದಲ್ಲಿ ಉಂಡು ಓದಿದ ಬಡಮಕ್ಕಳ ಸಂಖ್ಯೆಯು ಎಣಿಕೆಗೆ ಮೀರಿದುದು. ಕೃಷಿಯ ಕಡೆಗೂ ಮಠಗಳು ಗಮನವನ್ನಿತ್ತಿರುವುವು. ಸುತ್ತೂರು ಮಠದ ಸಂಸ್ಥೆಯು ಸುತ್ತೂರಿನಲ್ಲಿಯೂ, ಸಿರಿಗೆರೆಯ ತರಳಬಾಳು ಸಂಸ್ಥೆಯು ದಾವಣಗೆರೆಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳನ್ನು ನಡೆಸುತ್ತಲಿರುವುವು. ಪಂಡಿತನ ಪುಸ್ತಕಕ್ಕೆ ದೊರೆತ ಪೀಠವು ಕಮ್ಮಾರನ ಕಲ್ಪನೆಗೂ ದೊರೆತರೆ ಅದು ಹೊಸ ಧರ್ಮವಾಗದು. ಕಲ್ಯಾಣದ ಹಳೆಯ ಧರ್ಮವೇ ಪುನಃ ಪ್ರತಿಷ್ಠಿತವಾದಂತಾಗುವುದು.

ಇದಕ್ಕೆ ಮಹತ್ತಾದ ಧನರಾಶಿಯು ಬೇಕಾಗಿಲ್ಲ. ಜಂಗಮರು ಗ್ರಾಮಸಂಚಾರವನ್ನು ಮಾಡುವಾಗ ಊರಿನ ಕಲ್ಪಕರಾರೆಂದು ವಿಚಾರಿಸಿ ಅವರ ಹೆಸರನ್ನೂ ಯುಕ್ತಿಯನ್ನೂ ಬರೆದಿಡಬಹುದು. ಜಾತ್ರೆಗಳಲ್ಲಿ ದನಗಳ ಪ್ರದರ್ಶನದ ಪಕ್ಕದಲ್ಲಿ ಇಂತಹ ಉಪಕರಣಗಳಿಗೂ ಒಂದು ಚಪ್ಪರವನ್ನು ಹಾಕಬಹುದು. ನೆರೆಯವನ ಹೊಲದಲ್ಲಿ ನೋಡಿದ ಹೊರತು ನಂಬದ ರೈತನಿಗೆ ಮಠದ ಹೊಲವೇ ನೆರೆಯ ಹೊಲವಾಗಬಹುದು. ಒಂದೆರಡು ಬೆಳೆಗಳ ಕಾಲಕ್ಕೆ ಬಡ್ಡಿಯಿಲ್ಲದ ಸಾಲವನ್ನು ಒದಗಿಸುವ ಪುಟ್ಟ ನಿಧಿಯನ್ನು ಸದ್ಭಕ್ತರು ಕೂಡಿಸಬಹುದು. ಹನುಮಂತನಗರ, ಗವಿಪುರ, ಚಾಮರಾಜಪೇಟೆಗಳಲ್ಲಿ ನೆಲಸಿ, ಹಳ್ಳಿಯ ನಂಟನ್ನು ಮರೆಯದಿರುವ ಭಕ್ತರು ಯಂತ್ರಶಾಸ್ತ್ರವನ್ನೂ ಲೆಕ್ಕಪತ್ರವನ್ನೂ ಕಾನೂನನ್ನೂ ಬಲ್ಲವರಾಗಿದ್ದರೆ, ಆ ವಿದ್ಯೆಯನ್ನೇ ದಾಸೋಹವಾಗಿ ಸಲ್ಲಿಸಬಹುದು.

ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಅಂತಹ ಸತ್ಸಂಕಲ್ಪವು ಭಕ್ತರ ಹೃದಯದಲ್ಲಿ ಮೂಡಲಿ. ಮುಂದೆ ಯಾವನಾದರೂ ಹಳ್ಳಿಯ ಕಮ್ಮಟವೊಂದರಲ್ಲಿ ಲೋಕೋಪಕಾರಿಯಾದ ಸಾಧನವನ್ನು ರಚಿಸಿದರೆ, ಅವನ ಹೊಲವು ಮಾರಾಟವಾಗದಿರಲಿ, ಅವನ ಹೆಸರು ಅಳಿಯದಿರಲಿ. ಕಾಯಕಜೀವಿಗಳನ್ನು ಶಿವಸ್ವರೂಪರೆಂದು ಕಂಡ ಶರಣರ ಅನುಗ್ರಹವು ಈ ಕಾರ್ಯಕ್ಕೆ ಸಹಾಯವಾಗಲಿ. ಮಂಗಳಮಸ್ತು.