ಹದಿಮೂರನೇ ಸಂಬಳ ಮತ್ತು ಒಂದು ಎಲೆಕೋಸು

(1/3)
ಮೊದಲನೇ ಫೋಟೋ ನೋಡಿ ಗುಲಾಬಿ ಅಂದುಕೊಂಡ್ರಾ? ನಾನೂ ಹಾಗೇ ಅಂದುಕೊಂಡು ಜನವರಿಯಲ್ಲಿ ನರ್ಸರಿಯಿಂದ ತಂದೆ. ಅಮ್ಮ ಒಂದೇ ಸಲ ನೋಡಿ, "ಇದು ಕೋಸು ಕಣೋ" ಅಂದ್ರು. ಅವರು ಹೇಳಿದ್ದೇ ಸರಿ. ಇದರಲ್ಲಿ ಹೂವೇ ಇಲ್ಲ, ಎಲ್ಲಾ ಎಲೆ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಮತ್ತು ಈ ಬಣ್ಣದ ಕೋಸು, ಎಲ್ಲವೂ ಒಂದೇ ಸಸ್ಯಜಾತಿ. ಗೆಡ್ಡೆ ಬೇಕು ಅಂದವರು ಗೆಡ್ಡೆ ದಪ್ಪ ಆಗೋ ಗಿಡಗಳನ್ನ ಆರಿಸಿಕೊಂಡ್ರು, ಎಲೆ ಬೇಕು ಅಂದವರು ಎಲೆ ಗಿಡಗಳನ್ನ. ಬಣ್ಣಕ್ಕಾಗಿ ಹಠ ಹಿಡಿದು ಕೂತವರು ಜಪಾನಿನ ತೋಟಗಾರರು.

ಕಥೆ ಶುರುವಾಗೋದು ಎಡೋ ಕಾಲದಲ್ಲಿ. 1641ರಿಂದ ಯುರೋಪಿನವರ ಪೈಕಿ ಡಚ್ಚರಿಗೆ ಮಾತ್ರ ಜಪಾನಿನಲ್ಲಿ ವ್ಯಾಪಾರಕ್ಕೆ ಅನುಮತಿ ಇತ್ತು. ಅದೂ ನಾಗಾಸಾಕಿಯ ಡೆಜಿಮಾ ಅನ್ನೋ ಪುಟ್ಟ ಕೃತಕ ದ್ವೀಪದಲ್ಲಿ. 1709ರಲ್ಲಿ ಕೈಬಾರಾ ಎಕಿಕೆನ್ ಅನ್ನೋ ವಿದ್ವಾಂಸರು ತಮ್ಮ ಸಸ್ಯಗ್ರಂಥ 'ಯಮಾತೊ ಹೊಂಜೊ'ದಲ್ಲಿ ಈ ಗಿಡವನ್ನ 'ಒರಾಂಡಾ-ನಾ' ಅಂತ ಕರೆದಿದ್ದಾರೆ. ಅಂದ್ರೆ ಡಚ್ಚರ ಸೊಪ್ಪು.

ಮುಂದೆ ಅದೇ ಸೊಪ್ಪಿಗೆ 'ಹಾಬೊತಾನ್' ಅನ್ನೋ ಹೆಸರು ಬಂತು. ಹಾ ಅಂದ್ರೆ ಎಲೆ. ಬೊತಾನ್ ಅಂದ್ರೆ ಪಿಯೋನಿ, ದೊಡ್ಡ ದೊಡ್ಡ ಎಸಳಿನ ರಾಜಗಾಂಭೀರ್ಯದ ಹೂವು. ಸೊಪ್ಪು ಅಡುಗೆಮನೆ ಬಿಟ್ಟು ಅಂಗಳಕ್ಕೆ ಬಂದಿತ್ತು. ತಮಾಷೆ ಏನು ಗೊತ್ತಾ? ನಾವು ಪಲ್ಯ ಮಾಡೋ ಗಟ್ಟಿ ಉಂಡೆ ಕೋಸನ್ನ ಜಪಾನಿನ ರೈತರು ಬೆಳೆಯಾಗಿ ಹಾಕಲು ಶುರು ಮಾಡಿದ್ದು ಇದಾದ ಎಷ್ಟೋ ಕಾಲಕ್ಕೆ, ಮೇಜಿ ಕಾಲದಲ್ಲಿ.

(2/3)
ಈಗ ಕಾಮರ್ಸ್‌ನವರು ಸ್ವಲ್ಪ ಹತ್ತಿರ ಬನ್ನಿ.

ಹಳೇ ಜಪಾನಿನ ಪಂಚಾಂಗವೂ ನಮ್ಮ ಹಾಗೇ ಚಂದ್ರನ ಲೆಕ್ಕದ್ದು. ಅದರಲ್ಲೂ ಅಧಿಕ ಮಾಸ ಬರ್ತಿತ್ತು. ಹೊಸ ವರ್ಷ ಜನವರಿ ಕೊನೆಯಿಂದ ಫೆಬ್ರವರಿ ಮೂರನೇ ವಾರದೊಳಗೆ ಬೀಳ್ತಿತ್ತು. ಅಷ್ಟೊತ್ತಿಗೆ 'ಉಮೆ' ಮರಗಳು ಹೂ ಬಿಡೋಕೆ ಶುರು. ಹಬ್ಬಕ್ಕೂ ಹೂವಿಗೂ ಜೋಡಿ ಕೂಡಿತ್ತು.

1872ರ ಕೊನೆಗೆ ಸರ್ಕಾರ ಒಂದು ತಿಂಗಳೂ ಸಮಯ ಕೊಡದೆ ಘೋಷಿಸಿಬಿಡ್ತು: ಹನ್ನೆರಡನೇ ತಿಂಗಳಿಗೆ ಎರಡೇ ದಿನ, ಮೂರನೇ ದಿನವೇ 1873ರ ಜನವರಿ 1. ಪಾಶ್ಚಾತ್ಯ ದೇಶಗಳ ಜೊತೆ ಹೆಜ್ಜೆ ಹಾಕೋದು ಒಂದು ಕಾರಣ. ಇನ್ನೊಂದು ಕಾರಣ ದುಡ್ಡು. ಹಳೇ ಲೆಕ್ಕದಲ್ಲಿ 1873ಕ್ಕೆ ಅಧಿಕ ಮಾಸ ಸೇರಿ 13 ತಿಂಗಳು, ಅಧಿಕಾರಿಗಳಿಗೆ 13 ಸಂಬಳ. ಖಜಾನೆಯೋ ಖಾಲಿ. ಹೊಸ ಕ್ಯಾಲೆಂಡರ್ ಬಂದರೆ ಆ ಹದಿಮೂರನೇ ಸಂಬಳ ಉಳೀತು, ಎರಡು ದಿನದ ಡಿಸೆಂಬರಿನ ಸಂಬಳವೂ ಉಳೀತು! ಇದು ನನ್ನ ಜೋಕ್ ಅಲ್ಲ. ಆಗ ಸರ್ಕಾರದಲ್ಲಿದ್ದ ಒಕುಮಾ ಶಿಗೆನೊಬು ಅವರೇ ಆಮೇಲೆ ಹೇಳಿಕೊಂಡ ಮಾತು.

ಇಲ್ಲಿ ಒಂದು ನಿಮಿಷ ನಿಲ್ಲಿ. ನಾಳೆ ಯಾರೋ ಬಂದು "ಇನ್ಮೇಲೆ ಯುಗಾದಿ ಜನವರಿ ಒಂದಕ್ಕೆ" ಅಂದ್ರೆ ಏನು ಮಾಡ್ತೀರಾ? ಬೇವಿನ ಹೂ ಎಲ್ಲಿಂದ ತರ್ತೀರಾ? ಜಪಾನಿನವರಿಗೆ ಆಗಿದ್ದು ಸುಮಾರಾಗಿ ಅದೇ. ಹಬ್ಬ ಹಿಂದಕ್ಕೆ ಹೋಗಿ ನಡು ಚಳಿಯಲ್ಲಿ ಬಿತ್ತು, ಉಮೆ ಹಿಂದೆಯೇ ಉಳೀತು. ಜನವರಿ ಒಂದಕ್ಕೆ ಅಂಗಳದಲ್ಲಿ ಬಣ್ಣ ತುಂಬಿ ನಿಲ್ಲೋ ಗಿಡ ಯಾವುದು? ಹಾಬೊತಾನ್. ಇವತ್ತಿಗೂ ಅಲ್ಲಿ ಹೊಸ ವರ್ಷಕ್ಕೆ ಬಾಗಿಲ ಮುಂದೆ ಇಡೋ ಬಿದಿರು, ಪೈನ್ ಅಲಂಕಾರದ ಬುಡದಲ್ಲಿ ಇದನ್ನ ಕಾಣಬಹುದು. ಆ ಜಾಗ ಇದಕ್ಕೆ ಗಟ್ಟಿಯಾಗಿದ್ದಕ್ಕೆ ಕ್ಯಾಲೆಂಡರ್ ಬದಲಾವಣೆಯೂ ಒಂದು ಕಾರಣ ಅಂತ ನನ್ನ ಊಹೆ. ಒಪ್ಪದಿದ್ದರೆ ಕಾಮೆಂಟಲ್ಲಿ ಜಗಳ ಆಡಿ.

(3/3)
ಬಣ್ಣ ಬರೋದು ಗೊಬ್ಬರದಿಂದ ಅಲ್ಲ, ಚಳಿಯಿಂದ. ರಾತ್ರಿ ತಾಪಮಾನ ಸುಮಾರು 15 ಡಿಗ್ರಿಗಿಂತ ಕೆಳಗೆ ಇಳೀತಾ ಹೋದಾಗ ನಡುವಿನ ಹೊಸ ಎಲೆಗಳಲ್ಲಿ ಹಸಿರು ಕಮ್ಮಿ ಆಗ್ತದೆ. ಬಿಳಿ ತಳಿಯಾದರೆ ಕೆನೆ ಬಣ್ಣ, ಕೆಂಪು ತಳಿಯಾದರೆ ಆಂಥೋಸಯನಿನ್‌ನಿಂದ ಗುಲಾಬಿ, ನೇರಳೆ. ಆದರೆ ಅದೇ ಚಳಿಗೆ ಬೆಳವಣಿಗೆ ನಿಧಾನ ಆಗ್ತದೆ. ಹಾಗಾಗಿ ಜುಲೈ, ಆಗಸ್ಟಿನ ಸುಡು ಬಿಸಿಲಲ್ಲೇ ಬೀಜ ಹಾಕಬೇಕು. ತಡ ಮಾಡಿದ್ರೆ ಜನವರಿಗೆ ಬಣ್ಣ ಬಂದ್ರೂ ಗಿಡ ಅಂಗೈಯಷ್ಟೇ.

ನನಗೆ ಜಾಸ್ತಿ ತಲೆ ಕೆಡಿಸಿದ್ದು ಬೀಜದ ವಿಷಯ. ಹೊಸ ವರ್ಷದ ಸಂತೆಗೆ ನೂರು ಗಿಡ ಬೆಳೆದವನು ಎಲ್ಲಕ್ಕಿಂತ ಚೆಂದದ್ದನ್ನ ಮಾರೋ ಹಾಗಿಲ್ಲ. ಅದನ್ನ ಉಳಿಸಿಕೊಂಡು, ವಸಂತದಲ್ಲಿ ಸಾಸಿವೆ ಥರ ಹಳದಿ ಹೂ ಬಿಡೋವರೆಗೆ ಕಾದು, ಪಕ್ಕದ ಹೊಲದ ಕೋಸಿನ ಪರಾಗ ತಾಗದ ಹಾಗೆ ನೋಡಿಕೊಂಡು, ಬೇಸಿಗೆಯಲ್ಲಿ ಬೀಜ ತೆಗೀಬೇಕು. ವರ್ಷಕ್ಕೆ ಒಂದೇ ತಲೆಮಾರು. ಮೂವತ್ತು ವರ್ಷ ದುಡಿದವನಿಗೆ ಸಿಕ್ಕೋದು ಮೂವತ್ತೇ ಅವಕಾಶ. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ ಅತ್ಯುತ್ತಮ ಸರಕೇ ಬಂಡವಾಳ, ಮಿಕ್ಕಿದ್ದು ಮಾರಾಟಕ್ಕೆ. ಟೋಕಿಯೊದ ದುಂಡೆಲೆ, ನಾಗೋಯಾದ ಕ್ರೇಪ್ ಬಟ್ಟೆಯಂಥ ಸುಕ್ಕೆಲೆ, ಇವೆರಡನ್ನ ಕೂಡಿಸಿ ಬಂದ ಒಸಾಕಾ ತಳಿ, ಎಲ್ಲಾ ಹುಟ್ಟಿದ್ದು ಹೀಗೆ ಆರಿಸಿ ಆರಿಸಿ. ತಳಿಗೆ ಊರಿನ ಹೆಸರು ಉಳೀತು. ಬೆಳೆದವನ ಹೆಸರು ಇಲ್ಲ.

ನನ್ನ ಗಿಡದ ಕಥೆ? ಫೆಬ್ರವರಿ ಕೊನೆಗೆ ಬಿಸಿಲೇರಿತು, ನಡುವಿಂದ ಬಂದ ಹೊಸ ಎಲೆ ಎಲ್ಲಾ ಹಸಿರು. ಕೊನೇ ಫೋಟೋ ಅದೇ. ಅಮ್ಮನಿಗೆ ಪಲ್ಯದ ಯೋಚನೆ ಬಂದಿತ್ತು, ಬೇಡ ಅಂದೆ. ತಿಂದ್ರೆ ಕಹಿ, ಮೇಲಾಗಿ ಅಲಂಕಾರದ ಗಿಡಕ್ಕೆ ಔಷಧಿ ಹೊಡೆದಿರಬಹುದು. ಜಪಾನಿನಲ್ಲಿ ಹೂಕಾಂಡ ಕತ್ತರಿಸಿ ಹಳೇ ಗಿಡವನ್ನೇ ಬೇಸಿಗೆ ದಾಟಿಸ್ತಾರೆ. ಪಕ್ಕದ ಕವಲುಗಳಲ್ಲಿ ಮುಂದಿನ ಚಳಿಗೆ ಒಂದೊಂದು ಬಣ್ಣದ ತಲೆ ಮೂಡ್ತದೆ. ಅದನ್ನ 'ಒದೋರಿ', ಕುಣಿಯೋ ಹಾಬೊತಾನ್ ಅಂತಾರೆ. ನಮ್ಮ ಬಿಸಿಲಿಗೆ ಇದು ಬದುಕ್ತದಾ ನೋಡ್ಬೇಕು. ಸದ್ಯಕ್ಕೆ ಕುಂಡವನ್ನ ಬಟ್ಟೆ ಒಗೆಯೋ ಕಲ್ಲಿನ ಪಕ್ಕದ ನೆರಳಿಗೆ ಸರಿಸಿದ್ದೀನಿ.